ಜೇಬಿನ ರಿವಾಲ್ವರಿಗೆ ಹೋಲ್‌ಸ್ಟರ್ ಬೇಕಾ? ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಇದು ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರ ಪ್ರಕರಣ. ಹೆಸರು, ಊರು ಬೇಡ. ಯಜಮಾನರು ಅಂತಲೇ ಕರೆಯೋಣ. ವಯಸ್ಸು ಅರವತ್ತು ದಾಟಿದೆ. ಒಂಟಿ ಮನೆ, ಮುಂದೆ ತೋಟ, ಹಿಂದೆ ಸೊಪ್ಪಿನಬೆಟ್ಟ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಕೋವಿ ಆ ಮನೆಗೆ ಹೊಸದಲ್ಲ. ಬೆಳೆ ಕಾಯುವುದಕ್ಕೆ ಅಂತ ಪರವಾನಗಿ ಇರುವ ಜೋಡು ನಳಿಗೆಯ ತೋಟಾ ಕೋವಿ ಅವರ ತಂದೆಯ ಕಾಲದಿಂದ ಇದೆ. ಅದರ ಜೊತೆಗೆ ಆತ್ಮರಕ್ಷಣೆಗೆ ಅಂತ ಅರ್ಜಿ ಹಾಕಿ .32 ಅಳತೆಯ ಗುಂಡಿನ ರಿವಾಲ್ವರ್ ಒಂದನ್ನು ತೆಗೆದುಕೊಂಡರು. ಕಾನ್ಪುರದ ಸರ್ಕಾರಿ ಕಾರ್ಖಾನೆಯದು. ಆರು ಗುಂಡಿನದು, ನಳಿಗೆಯನ್ನು ಕೆಳಕ್ಕೆ ಮಡಚಿ ತೆರೆಯುವ ಜಾತಿ, ಗುಂಡಿನ ಹಿಂಬದಿಗೆ ಬಡಿದು ಅದನ್ನು ಹಾರಿಸುವ ಹ್ಯಾಮರ್ ಹೊರಗೇ ಇರುತ್ತದೆ. ಅಲ್ಲಿಗೆ ಅವರ ಲೆಕ್ಕ ಮುಗಿಯಿತು. ಒಬ್ಬರ ಹೆಸರಲ್ಲಿ ಮೂರು ಆಯುಧ ಇಟ್ಟುಕೊಳ್ಳಬಹುದಿತ್ತು, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿದೆ.

ರಿವಾಲ್ವರ್ ಯಾಕೆ ಬೇಕಾಯಿತು ಅಂದರೆ ಅಡಿಕೆ ದುಡ್ಡು. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿಯೋ ಬೆಟ್ಟೆಯೋ ಯಾವುದೋ ಬಗೆಯ ಅಡಿಕೆ ಮಾರಿ, ಬಟವಾಡೆ ಮುಗಿಸಿಕೊಂಡು ಹೊರಡುವಾಗ ಸಂಜೆಯಾಗುತ್ತದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್ ಹತ್ತಿರ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು. ಅಲ್ಲಿಂದ ಮನೆಗೆ ಮತ್ತೆ ಮಣ್ಣು ರಸ್ತೆ. ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ.

ಅವರು ರಿವಾಲ್ವರ್ ಇಟ್ಟುಕೊಳ್ಳುತ್ತಿದ್ದದ್ದು ಪ್ಯಾಂಟಿನ ಬಲ ಜೇಬಿನಲ್ಲಿ. ಸುಮ್ನೆ, ಬರಿ ಜೇಬಿನಲ್ಲಿ. ಅದೇ ಜೇಬಿನಲ್ಲಿ ಜೀಪಿನ ಕೀ, ಚಿಲ್ಲರೆ, ಸುಣ್ಣದ ಡಬ್ಬಿ. ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಇಳಿದು ಟ್ಯಾಂಕಿನ ಮುಚ್ಚಳ ತೆಗೆಯಲು ಕೀ ಎಳೆದರು. ಕೀ ಗೊಂಚಲಿನ ಬಳೆ ಟ್ರಿಗರ್ ಸುತ್ತಿನ ಬಳೆಯೊಳಗೆ ಸಿಕ್ಕಿಕೊಂಡಿತ್ತು. ಕೀ ಜೊತೆಗೆ ರಿವಾಲ್ವರ್ ಅರ್ಧ ಹೊರಗೆ ಬಂತು. ಈಡು ಹಾರಲಿಲ್ಲ. ಪೆಟ್ರೋಲ್ ಹಾಕುವ ಹುಡುಗ ಹಿಡಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟೇ ಆದದ್ದು. ಆದರೆ ಯಜಮಾನರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ.

ಪರವಾನಗಿ ಇರುವವರಿಗೆ ಆಯುಧವನ್ನು ಅಪಾಯವಿಲ್ಲದೆ ಹಿಡಿಯುವುದು, ಇಡುವುದು ಹೇಳಿಕೊಡುವುದು ನನ್ನ ಕೆಲಸ. ಹಾಗಾಗಿ ನನ್ನ ಹತ್ತಿರ ಬಂದರು. ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಜೇಬಿನಲ್ಲೇ ಇಡುವುದಾದರೆ ಹೋಲ್‌ಸ್ಟರ್ ಯಾಕೆ ಬೇಕು? ಜೇಬೇ ಒಂದು ಚೀಲ ಅಲ್ವಾ?"

ಹೋಲ್‌ಸ್ಟರ್ ಅಂದರೆ ಕೈಬಂದೂಕು ಇಡಲಿಕ್ಕೆಂದೇ ಮಾಡಿದ ಒರೆ. ಇದಕ್ಕೆ ಕಾನೂನಿನ ಉತ್ತರ ಚಿಕ್ಕದು, ಅದನ್ನು ಮೊದಲು ಹೇಳಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯ ನಿಯಮ ಇದೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವುದಾದರೆ ಅದು ಹೋಲ್‌ಸ್ಟರ್‌ನಲ್ಲಿ, ಅಥವಾ ಕೈಬಂದೂಕಿಗೆಂದೇ ಮಾಡಿದ ಅಂಥದ್ದೇ ಚೀಲದಲ್ಲಿ, ಮೈಗೆ ಸೇರಿಕೊಂಡಿರಬೇಕು. ಇಲ್ಲವೇ ಬೆನ್ನುಚೀಲದಂಥದ್ದರಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲೂ ಇರಬೇಕು. ಪ್ಯಾಂಟಿನ ಜೇಬನ್ನು ಕೈಬಂದೂಕಿಗೆ ಅಂತ ಯಾರೂ ಹೊಲಿದಿರುವುದಿಲ್ಲ. ಬಂಕಿನಲ್ಲಿ ಹಿಡಿ ಹೊರಗೆ ಕಂಡಾಗ 'ಪೂರ್ತಿ ಮುಚ್ಚಿರಬೇಕು' ಎನ್ನುವುದೂ ತಪ್ಪಿತು. ಪರವಾನಗಿಯ ಷರತ್ತು ಅಥವಾ ನಿಯಮ ಮೀರಿದರೆ ಶಸ್ತ್ರಾಸ್ತ್ರ ಕಾಯ್ದೆಯ 30ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ದೊಡ್ಡದಲ್ಲ. ಆದರೆ ಪರವಾನಗಿಯೇ ಅಮಾನತಾದರೆ ಜೋಡು ನಳಿಗೆಯೂ ಹೋಗುತ್ತದೆ. ಈ ಮಾತು ಯಜಮಾನರಿಗೆ ಸಜೆಗಿಂತ ಜಾಸ್ತಿ ನಾಟಿತು. ತಂದೆಯ ಕೋವಿ ಅಲ್ವಾ.

ಕಾನೂನು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ದಂಡದ ಹೆದರಿಕೆಯಿಂದ ಹೋಲ್‌ಸ್ಟರ್ ಕೊಂಡವರು ಅದನ್ನು ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಎಸೆದಿರುತ್ತಾರೆ, ನಾನೇ ನೋಡಿದ್ದೇನೆ. ಯಾಕೆ ಬೇಕು ಅನ್ನುವುದು ಕೈಗೆ ಗೊತ್ತಾಗಬೇಕು.

ಮೊದಲು ರಿವಾಲ್ವರ್ ತೆರೆದು ಖಾಲಿ ಮಾಡಿಸಿದೆ. ಒಳಗೆ ನೋಡಿದರೆ ಬೇಜಾರಾಯಿತು. ಗುಂಡು ಕೂರುವ ಆರು ಗೂಡು ಇರುವ, ತಿರುಗುವ ಸಿಲಿಂಡರಿಗೂ ಚೌಕಟ್ಟಿಗೂ ನಡುವೆ ಜೇಬಿನ ನೂಲು, ಧೂಳು. ಟ್ರಿಗರ್ ಹಿಂದೆ ಅಡಿಕೆ ಸಿಪ್ಪೆಯ ನಾರು. ಡಬ್ಬಿಯಿಂದ ಹೊರಬಂದ ಸುಣ್ಣ ಒಣಗಿ ಮರಳಿನ ಹಾಗೆ ಉದುರಿ ಹ್ಯಾಮರಿನ ಬುಡಕ್ಕೆ ಸೇರಿತ್ತು. ನಳಿಗೆಯ ಎಡ ಮೈಗೆ ತುಕ್ಕಿನ ಚುಕ್ಕೆ, ಅದು ತೊಡೆಗೆ ತಾಗುವ ಕಡೆ. ಗುಂಡುಗಳ ಹಿತ್ತಾಳೆಗೆ ಹಸಿರು ಕಿಲುಬು. ನಮ್ಮ ಕಡೆ ಮಳೆಗಾಲದ ಗಾಳಿಯೇ ನೀರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಅಷ್ಟಿಲ್ಲದ ಊರಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ. ಅದಕ್ಕೆ ತೊಡೆಯ ಬೆವರು ಸೇರಿದರೆ ಕೇಳಬೇಕೆ. ಬೇಕಾದ ಹೊತ್ತಿಗೆ ಈ ಆಯುಧ ಹಾರುತ್ತದೆ ಅಂತ ನಾನು ಮಾತು ಕೊಡಲಾರೆ. ಬೇಡದ ಹೊತ್ತಿಗೆ ಹಾರುವುದಿಲ್ಲ ಅಂತಲೂ ಹೇಳಲಾರೆ.

ಆಮೇಲೆ ಯಜಮಾನರ ವಾದ ಶುರುವಾಯಿತು. ಅವರು ದಡ್ಡರಲ್ಲ. ಮೂರು ಮಾತು ಹೇಳಿದರು, ಮೂರರಲ್ಲೂ ಅರ್ಧ ನಿಜ ಇತ್ತು.

"ರಿವಾಲ್ವರಿನ ಟ್ರಿಗರ್ ಗಟ್ಟಿ. ಸುಮ್ನೆ ತಾಗಿದರೆ ಎಳೆಯುವುದಿಲ್ಲ." ಹೌದು. ಹ್ಯಾಮರ್ ಕೆಳಗಿದ್ದಾಗ ಟ್ರಿಗರನ್ನು ಪೂರ್ತಿ ಎಳೆಯಲು ಬಲ ಬೇಕು, ದೂರವೂ ಜಾಸ್ತಿ. ಆದರೆ ಆ ಗಟ್ಟಿತನ ಬೆರಳಿನ ಲೆಕ್ಕದ್ದು. ಕೀ ಗೊಂಚಲು ಸಿಕ್ಕಿಕೊಂಡಾಗ ಎಳೆಯುವುದು ಇಡೀ ತೋಳು. ಸಿಟ್ಟಿನಲ್ಲಿ ಎರಡನೇ ಸಲ ಜಗ್ಗಿದರೆ ಯಾವ ಸ್ಪ್ರಿಂಗೂ ತಡೆಯುವುದಿಲ್ಲ. ಅವರ ರಿವಾಲ್ವರಿಗೆ ಹ್ಯಾಮರ್ ಹೊರಗಿರುವುದೂ ಒಂದು ತೊಂದರೆ. ಜೇಬಿನ ಅಂಚಿಗೋ ಹೊಲಿಗೆಗೋ ಹ್ಯಾಮರಿನ ಕೊಂಬು ಸಿಕ್ಕಿ ಹಿಂದಕ್ಕೆ ಹೋದರೆ, ಪೂರ್ತಿ ಹೋಗಿ ನಿಂತರೆ, ಆಮೇಲೆ ಟ್ರಿಗರಿಗೆ ಸ್ವಲ್ಪ ತಾಗಿದರೆ ಸಾಕು. ಗಟ್ಟಿ ಟ್ರಿಗರ್ ಅನ್ನುವ ಧೈರ್ಯ ಅಲ್ಲಿಗೆ ಮುಗಿಯಿತು.

"ಹ್ಯಾಮರಿನ ಕೆಳಗಿನ ಗೂಡು ಖಾಲಿ ಬಿಡುತ್ತೇನೆ. ಐದೇ ಹಾಕುವುದು." ಇದನ್ನು ಬಹಳ ಜನ ಹೇಳುತ್ತಾರೆ. ಹಳೇ ಮಾದರಿಯ ರಿವಾಲ್ವರ್ ಕೈಜಾರಿ ಹ್ಯಾಮರ್ ಮೇಲೆ ಬಿದ್ದರೆ ಅದರ ಪೆಟ್ಟಿಗೆ ಕೆಳಗಿನ ಗುಂಡು ಹಾರಬಹುದು. ಆ ಅಪಾಯಕ್ಕೆ ಖಾಲಿ ಗೂಡು ಒಳ್ಳೆಯ ಮದ್ದು. ಆದರೆ ಟ್ರಿಗರ್ ಎಳೆದಾಗ ಏನಾಗುತ್ತದೆ? ಮೊದಲು ಸಿಲಿಂಡರ್ ತಿರುಗುತ್ತದೆ, ಪಕ್ಕದ ಗೂಡು ಹ್ಯಾಮರಿನ ಎದುರಿಗೆ ಬರುತ್ತದೆ, ಆಮೇಲೆ ಹ್ಯಾಮರ್ ಬೀಳುತ್ತದೆ. ಪಕ್ಕದ ಗೂಡಿನಲ್ಲಿ ಗುಂಡಿದೆ. ಅಂದರೆ ಜೇಬಿನಲ್ಲಿ ಟ್ರಿಗರಿಗೆ ಏನಾದರೂ ಸಿಕ್ಕಿಕೊಳ್ಳುವ ಅಪಾಯಕ್ಕೆ ಖಾಲಿ ಗೂಡಿನಿಂದ ಒಂದು ಚೂರೂ ಉಪಯೋಗವಿಲ್ಲ. ಡಮ್ಮಿ ತೋಟಾ ಹಾಕಿ, ಮೆಲ್ಲಗೆ ಟ್ರಿಗರ್ ಎಳೆಸಿ, ಸಿಲಿಂಡರ್ ತಿರುಗುವುದನ್ನು ತೋರಿಸಿದೆ. ಯಜಮಾನರು ಇನ್ನೊಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಇಷ್ಟು ವರ್ಷ ಆ ಖಾಲಿ ಗೂಡನ್ನು ನಂಬಿಕೊಂಡಿದ್ದವರ ಮುಖ ನೋಡಬೇಕಿತ್ತು.

"ಹಾಗಾದರೆ ಗುಂಡೇ ಹಾಕುವುದಿಲ್ಲ. ಗುಂಡು ಎಡ ಜೇಬಿನಲ್ಲಿ." ಇದಕ್ಕೆ ನಾನು ಬೇಡ ಅನ್ನಲಿಲ್ಲ. ಖಾಲಿ ರಿವಾಲ್ವರ್ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಕತ್ತಲೆಯಲ್ಲಿ, ಜೀಪಿನೊಳಗೆ, ನಡುಗುವ ಕೈಯಲ್ಲಿ ಗೂಡಿಗೆ ಒಂದೊಂದೇ ಗುಂಡು ತುಂಬಲು ಆಗುತ್ತದಾ ಅಂತ ಅವರೇ ಯೋಚಿಸಬೇಕು. ಆಗುವುದಿಲ್ಲ ಅಂದರೆ ಅದನ್ನು ಹೊತ್ತು ತಿರುಗುವುದೇ ದಂಡ, ಮನೆಯ ಕಪಾಟಿನಲ್ಲಿ ಬೀಗ ಹಾಕಿಡುವುದು ವಾಸಿ. ಖಾಲಿ ಇದ್ದರೂ 32ನೆಯ ನಿಯಮವಂತೂ ಬಿಡುವುದಿಲ್ಲ.

ಮಲೆನಾಡಿನವರಿಗೆ ಈ ವಿಷಯ ಹೇಳುವುದು ಯಾಕೆ ಕಷ್ಟ ಅಂತ ನಾನು ಯೋಚಿಸಿದ್ದೇನೆ. ಇಲ್ಲಿ ಕೋವಿ ಗೊತ್ತಿಲ್ಲದ ಮನೆ ಕಡಿಮೆ. ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ, ಎಲ್ಲ ನೋಡಿಯೇ ಬೆಳೆದಿರುತ್ತಾರೆ. ಆದರೆ ಕೋವಿಯ ಕ್ರಮ ಬೇರೆ. ತೋಟಕ್ಕೆ ಮಂಗ ಬಂದರೆ ತೋಟಾ ಹಾಕುತ್ತಾರೆ, ಗಾಳಿಯಲ್ಲಿ ಈಡು ಬಿಡುತ್ತಾರೆ, ಮನೆಗೆ ಬರುವಾಗ ತೋಟಾ ತೆಗೆಯುತ್ತಾರೆ, ಗೋಡೆಗೆ ತೂಗುಹಾಕುತ್ತಾರೆ. ತುಂಬಿದ ಕೋವಿ ಮೈಮೇಲೆ ಇರುವುದು ಸ್ವಲ್ಪ ಹೊತ್ತು, ಆ ಹೊತ್ತಿನಲ್ಲಿ ಗಮನವೂ ಅದರ ಮೇಲೇ ಇರುತ್ತದೆ. ರಿವಾಲ್ವರ್ ಹಾಗಲ್ಲ. ತುಂಬಿಕೊಂಡೇ ದಿನವಿಡೀ ಮೈಗೆ ಅಂಟಿಕೊಂಡಿರುತ್ತದೆ, ನಾವು ಮರೆತಿರುತ್ತೇವೆ. ಯಜಮಾನರು ಪೊಲೀಸರ ನಾಗರಿಕ ಬಂದೂಕು ತರಬೇತಿಯಲ್ಲಿ ಪ್ರಮಾಣಪತ್ರ ತೆಗೆದುಕೊಂಡವರು. ಅಲ್ಲಿ ಅವರು ಕಲಿತದ್ದು ರೈಫಲ್. ಮಲಗಿ ಗುರಿ ಹಿಡಿಯುವುದು ಚೆನ್ನಾಗಿ ಬರುತ್ತದೆ. ಜೇಬಿನ ಪಾಠ ಯಾರೂ ಮಾಡಿರಲಿಲ್ಲ.

ರಿವಾಲ್ವರ್ ಕೈಜಾರಿ ಬಿದ್ದರೆ ಹಿಡಿಯಬೇಕಾ ಬಿಡಬೇಕಾ ಅಂತಲೂ ಯಜಮಾನರು ಕೇಳಿದರು. ಎರಡು ಸುದ್ದಿ ಹೇಳಿದೆ. 2008ರ ನವೆಂಬರ್‌ನಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಪ್ಯಾಂಟಿನ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡಿದ್ದರು. ಹೋಲ್‌ಸ್ಟರ್ ಇರಲಿಲ್ಲ. ಅದು ಜಾರಿತು, ಹಿಡಿಯಲು ಹೋದರು, ಗುಂಡು ಅವರದೇ ತೊಡೆಗೆ ಹೊಕ್ಕಿತು. ಅಲ್ಲಿ ಅದಕ್ಕೆ ಪರವಾನಗಿ ಇರಲಿಲ್ಲವಾಗಿ ಎರಡು ವರ್ಷ ಸಜೆಯೂ ಆಯಿತು. ಇನ್ನೊಂದು ನಮ್ಮ ದೇಶದ್ದು. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ನಟ ಗೋವಿಂದ ಪರವಾನಗಿ ಇದ್ದ ತಮ್ಮ ರಿವಾಲ್ವರನ್ನು ಎತ್ತಿಡುವಾಗ ಅದು ಕೈಜಾರಿ ಬಿತ್ತು, ಗುಂಡು ಹಾರಿ ಕಾಲಿಗೆ ತಗುಲಿತು. ಮೊದಲನೆಯವರು ಹಿಡಿಯಲು ಹೋಗಿ ಕೆಟ್ಟರು, ಎರಡನೆಯವರದು ಬಿದ್ದೇ ಹಾರಿತು. ಹೊಸ ಮಾದರಿಯ ಪಿಸ್ತೂಲು ಬೀಳುತ್ತಿದ್ದರೆ ಕೈ ಹಿಂದೆ ತೆಗೆಯಿರಿ ಅಂತ ಕಲಿಸುತ್ತೇವೆ. ಹಳೇ ಮಾದರಿಯ ರಿವಾಲ್ವರಿಗೆ ಆ ಧೈರ್ಯವೂ ಇಲ್ಲ. ಆದ್ದರಿಂದ ಬೀಳದ ಹಾಗೆ ಇಡುವುದೊಂದೇ ದಾರಿ.

ತೊಡೆಯ ಮಾತು ಬಂತಲ್ಲ, ಒಂದು ಸಂಗತಿ ಸೇರಿಸಬೇಕು. ತೊಡೆಯ ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳ ಹೋಗುತ್ತದೆ. ಅದು ಹರಿದರೆ ಕೆಲವೇ ನಿಮಿಷದ ಆಟ. ಪೇಟೆಯಲ್ಲಾದರೆ ಆಸ್ಪತ್ರೆ ಹತ್ತಿರ. ಯಜಮಾನರ ಮನೆಯಿಂದ ತೀರ್ಥಹಳ್ಳಿ ಮುಟ್ಟುವುದೇ ಒಂದು ಕೆಲಸ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಆಮೇಲಿನ ಮಾತು. ಗಾಯದ ಮೇಲ್ಭಾಗವನ್ನು ಬಿಗಿಯಾಗಿ ಕಟ್ಟುವ ಟೂರ್ನಿಕೆ ಪಟ್ಟಿಯೊಂದನ್ನು ಜೀಪಿನಲ್ಲಿ ಇಡಿ, ಮನೆಯವರಿಗೂ ಕಟ್ಟುವುದು ಕಲಿಸಿ ಅಂದೆ.

ಈಗ ಹೋಲ್‌ಸ್ಟರಿನ ವಿಷಯ. ನನ್ನ ಮೊದಲ ಸಲಹೆ ಸೊಂಟದ ಬೆಲ್ಟಿಗೆ ಹಾಕುವುದು, ಮೇಲೆ ಅಂಗಿ ಇಳಿಬಿಡುವುದು. ನಿಯಮಕ್ಕೂ ಅದು ಸರಿಯಾಗಿ ಹೊಂದುತ್ತದೆ. ಯಜಮಾನರು ಒಪ್ಪಲಿಲ್ಲ. ಹೊಟ್ಟೆ ಅಡ್ಡ ಬರುತ್ತದೆ, ಜೀಪಿನಲ್ಲಿ ಕೂತರೆ ಚುಚ್ಚುತ್ತದೆ, ಮಂಡಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಜೇಬೇ ಬೇಕು ಅಂದರು. ಸರಿ, ಜೇಬಾದರೆ ಜೇಬಿನ ಹೋಲ್‌ಸ್ಟರ್.

ಅದು ಮಾಡಬೇಕಾದ ಕೆಲಸ ನಾಲ್ಕಾರು. ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಹೊರಗಿನಿಂದ ಒತ್ತಿದರೂ ಟ್ರಿಗರಿಗೆ ತಾಗಬಾರದು. ರಿವಾಲ್ವರನ್ನು ಹಿಡಿ ಮೇಲಾಗಿ, ನಳಿಗೆ ಕೆಳಗಾಗಿ ಒಂದೇ ಭಂಗಿಯಲ್ಲಿ ನಿಲ್ಲಿಸಬೇಕು. ಬರಿ ಜೇಬಿನಲ್ಲಿ ಅದು ಮಗುಚುತ್ತಾ ಇರುತ್ತದೆ, ಕೈ ಹಾಕಿದಾಗ ಹಿಡಿ ಸಿಗುತ್ತದೋ ನಳಿಗೆ ಸಿಗುತ್ತದೋ ಗೊತ್ತಿಲ್ಲ. ನೂಲು, ಧೂಳು, ಬೆವರು ತಡೆಯಬೇಕು. ಹೊರಗಿನಿಂದ ಆಕಾರ ಕಾಣಬಾರದು. ಕೊನೆಗೆ, ರಿವಾಲ್ವರ್ ಎಳೆದಾಗ ಹೋಲ್‌ಸ್ಟರ್ ಜೇಬಿನಲ್ಲೇ ಉಳಿಯಬೇಕು. ಚೀಲ ಸಮೇತ ಹೊರಗೆ ಬಂದರೆ ನಗೆಪಾಟಲು.

ಯಜಮಾನರು ಅಂಗಡಿಗೆ ಹೋಗಲಿಲ್ಲ. ಶಿವಮೊಗ್ಗದಲ್ಲಿ ಅವರಿಗೆ ಪರಿಚಯದ ಚಪ್ಪಲಿ ಹೊಲಿಯುವವರೊಬ್ಬರಿದ್ದರು. ಅಳತೆಗೆ ಅಂತ ರಿವಾಲ್ವರ್ ತೆಗೆದುಕೊಂಡು ಹೋಗುವುದು ಬೇಡ, ಕಾಗದದ ಮೇಲೆ ಅದರ ಅಂಚು ಬರೆದುಕೊಂಡು ಹೋಗಿ ಅಂದೆ. ಬಂದ ಚೀಲ ನೋಡಲು ಚೆನ್ನಾಗಿತ್ತು. ಮೆತ್ತನೆಯ ಕುರಿ ಚರ್ಮ, ಒಳಗೆ ವೆಲ್ವೆಟ್, ಹೊರಗೆ ಪಾಲಿಶ್. ಕನ್ನಡಕದ ಚೀಲಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಖಾಲಿ ರಿವಾಲ್ವರ್ ಹಾಕಿ ನೋಡಿದೆವು. ಚರ್ಮದ ಮೇಲಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಟ್ರಿಗರ್ ಹಿಂದಕ್ಕೆ ಹೋಯಿತು. ರಿವಾಲ್ವರ್ ಹೊರಗೆ ತೆಗೆದ ಕೂಡಲೇ ಚೀಲದ ಬಾಯಿ ಮುಚ್ಚಿಕೊಂಡಿತು. ಮತ್ತೆ ಒಳಗೆ ತಳ್ಳುವಾಗ ಮಡಿಕೆ ಬಿದ್ದ ಚರ್ಮ ಟ್ರಿಗರ್ ಬಳೆಯೊಳಗೆ ನುಗ್ಗಿತು. ಆ ಮಡಿಕೆ ಸಾಕು ಟ್ರಿಗರ್ ಎಳೆಯಲು. ಜೇಬಿನಿಂದ ಎಳೆದರೆ ನಯವಾದ ಚರ್ಮ ಜಾರಿಕೊಂಡು ರಿವಾಲ್ವರ್ ಜೊತೆಗೇ ಬಂತು. ಮೆತ್ತನೆಯ ಹೋಲ್‌ಸ್ಟರ್ ಇದ್ದರೆ ಬರಿ ಜೇಬಿಗಿಂತ ವಾಸಿ ಅಂತ ಕೆಲವರು ಹೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲದ ಧೈರ್ಯ ಕೊಡುತ್ತದೆ ಅಷ್ಟೇ.

ಎರಡನೆಯ ಸಲ ನಾನೇ ಜೊತೆಗೆ ಹೋದೆ. ದಪ್ಪ ಹಸುವಿನ ಚರ್ಮ ಆರಿಸಿದೆವು. ಚರ್ಮದ ನಯವಾದ ಮುಖ ಒಳಗೆ, ಒರಟು ಮುಖ ಹೊರಗೆ. ಒರಟು ಮೈ ಜೇಬಿನ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಕೆಳ ಅಂಚಿನಲ್ಲಿ ಕೊಕ್ಕೆಯ ಹಾಗೆ ಒಂದು ಮೂಲೆ ಬಿಡಿಸಿದೆವು, ಎಳೆದಾಗ ಜೇಬಿನ ಅಂಚಿಗೆ ಅದು ಸಿಕ್ಕಿ ಚೀಲ ಒಳಗೇ ಉಳಿಯಲಿ ಅಂತ. ಬಾಯಿಯ ಸುತ್ತ ಇನ್ನೊಂದು ಪದರ ಚರ್ಮ ಹೊಲಿಸಿದೆವು, ಬಾಯಿ ಮುಚ್ಚಿಕೊಳ್ಳದಿರಲು. ಆಮೇಲೆ ಮನೆಗೆ ತಂದು, ಚರ್ಮವನ್ನು ನೀರಲ್ಲಿ ನೆನೆಸಿ, ಖಾಲಿ ರಿವಾಲ್ವರಿಗೆ ಪ್ಲಾಸ್ಟಿಕ್ ಸುತ್ತಿ ಒಳಗೆ ಹಾಕಿ, ಮೈಗೆ ಅಂಟುವ ಹಾಗೆ ಬೆರಳಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿದೆವು. ಒಣಗಿದ ಮೇಲೆ ಚರ್ಮ ಆ ರಿವಾಲ್ವರಿನ ಆಕಾರಕ್ಕೇ ಗಟ್ಟಿಯಾಯಿತು. ಹೊರಗಿನಿಂದ ಎಷ್ಟು ಒತ್ತಿದರೂ ಟ್ರಿಗರ್ ಅಲುಗಲಿಲ್ಲ. ಹೊಲಿದವರ ಕೈಯಲ್ಲಿ ಕಸುಬಿತ್ತು, ಮೊದಲ ಸಲ ಅವರಿಗೆ ಏನು ಬೇಕು ಅಂತ ಯಾರೂ ಹೇಳಿರಲಿಲ್ಲ ಅಷ್ಟೇ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯದು ಸಿಕ್ಕರೆ ಮಳೆಗಾಲಕ್ಕೆ ಇನ್ನೂ ಒಳ್ಳೆಯದು. ಚರ್ಮ ನೀರು ಕುಡಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಅದಕ್ಕೇ ರಾತ್ರಿ ರಿವಾಲ್ವರನ್ನು ಚರ್ಮದ ಚೀಲದಲ್ಲೇ ಬಿಟ್ಟು ಮಲಗಬಾರದು, ತೆಗೆದು ಒರೆಸಿ ಎಣ್ಣೆ ಕೈ ಆಡಿಸಿ ಬೇರೆ ಇಡಬೇಕು.

ಬಳಸುವ ಕ್ರಮದಲ್ಲಿ ನಾನು ಹಟ ಹಿಡಿದದ್ದು ಎರಡಕ್ಕೆ. ಆ ಜೇಬಿನಲ್ಲಿ ಬೇರೆ ಏನೂ ಇರಬಾರದು. ಕೀ, ಚಿಲ್ಲರೆ, ಕರವಸ್ತ್ರ, ಕವಳದ ಸಂಚಿ ಯಾವುದೂ ಬೇಡ. ಸುಣ್ಣದ ಡಬ್ಬಿಯನ್ನು ಅಂಗಿ ಜೇಬಿಗೆ ವರ್ಗ ಮಾಡಲು ಅವರಿಗೆ ಬಹಳ ಕಷ್ಟವಾಯಿತು. ಎರಡನೆಯದು, ಜೇಬಿನೊಳಗಿರುವ ಹೋಲ್‌ಸ್ಟರಿಗೆ ರಿವಾಲ್ವರನ್ನು ಮೇಲಿಂದ ತುರುಕಬಾರದು. ಕಣ್ಣಿಗೆ ಕಾಣದ ಜಾಗಕ್ಕೆ, ನಮ್ಮ ತೊಡೆಯ ಕಡೆಗೇ ನಳಿಗೆ ಮಾಡಿ ತಳ್ಳುವುದು ಅದು. ಹೋಲ್‌ಸ್ಟರ್ ಹೊರಗೆ ತೆಗೆಯಬೇಕು, ನೋಡಿಕೊಂಡು ರಿವಾಲ್ವರ್ ಅದಕ್ಕೆ ಹಾಕಬೇಕು, ಆಮೇಲೆ ಎರಡನ್ನೂ ಒಟ್ಟಿಗೆ ಜೇಬಿಗೆ ಇಳಿಸಬೇಕು. ಬಿಚ್ಚುವಾಗಲೂ ಹಾಗೇ, ಎರಡನ್ನೂ ಒಟ್ಟಿಗೆ. ದಿನದಲ್ಲಿ ಟ್ರಿಗರ್ ತೆರೆದಿರುವ ಹೊತ್ತು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಇಷ್ಟಾದರೆ ಪ್ರಕರಣ ಮುಗಿಯಿತು ಅಂದುಕೊಂಡಿದ್ದೆ. ಅವರ ಮನೆಗೆ ಹೋದಾಗ ಇನ್ನೊಂದು ಮುಖ ಕಂಡಿತು.

ಯಜಮಾನರು ಪ್ಯಾಂಟ್ ಹಾಕುವುದು ಪೇಟೆಗೆ ಮಾತ್ರ. ಮನೆಯಲ್ಲಿ, ತೋಟದಲ್ಲಿ ಮೊಣಕಾಲಿನ ಮೇಲೆ ಕಟ್ಟಿದ ಪಂಚೆ, ಒಳಗೆ ಪಟ್ಟಾಪಟ್ಟಿ ಚಡ್ಡಿ. ಆ ಚಡ್ಡಿಗೆ ಆಳವಾದ ಜೇಬಿರುತ್ತದೆ, ದುಡ್ಡಿಗೆ, ಬೀಡಿಗೆ ಬಹಳ ಅನುಕೂಲ. ಬಂಕಿನ ಘಟನೆಗೆ ಮೊದಲು ರಿವಾಲ್ವರ್ ಎಷ್ಟೋ ದಿನ ಅದರಲ್ಲೂ ಇರುತ್ತಿತ್ತು. ಗುಂಡು ತುಂಬಿದ ರಿವಾಲ್ವರ್ ಮುಕ್ಕಾಲು ಕೆಜಿಯ ಹತ್ತಿರ ತೂಗುತ್ತದೆ. ತೆಳು ಬಟ್ಟೆಯ ಜೇಬಿನಲ್ಲಿ ಅದು ಜೋತು ಬಿದ್ದು ನಡೆಯುವಾಗ ತೊಡೆಗೆ ಬಡಿಯುತ್ತಿರುತ್ತದೆ. ಕಾಲು ತೊಳೆಯಲು ಬಗ್ಗಿದರೆ, ಇಂಬಳ ಕೀಳಲು ಕುಕ್ಕರಗಾಲಲ್ಲಿ ಕೂತರೆ ಜೇಬಿನ ಬಾಯಿ ಅಡ್ಡವಾಗುತ್ತದೆ. ಎಂಥ ಒಳ್ಳೆಯ ಹೋಲ್‌ಸ್ಟರ್ ಆದರೂ ಅಲ್ಲಿ ನಿಲ್ಲಲು ಆಸರೆ ಬೇಕಲ್ಲ. ಜುಬ್ಬಾದ ಪಕ್ಕದ ಜೇಬಿನ ಕಥೆಯೂ ಇದೇ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೆ ನಳಿಗೆಯ ಬಾಯಿ ಪಕ್ಕದ ಎಲೆಯವರ ಮೊಣಕಾಲು ನೋಡುತ್ತಿರುತ್ತದೆ. ಪಾಯಸ ಬಡಿಸುವವರಿಗೆ ಇದು ಗೊತ್ತಿರುವುದಿಲ್ಲ.

ತೋಟಕ್ಕೆ ಯಾಕೆ ಒಯ್ಯುತ್ತಿದ್ದಿರಿ ಅಂತ ಕೇಳಿದೆ. ಕಾಟಿ ಬರುತ್ತದಲ್ಲ ಅಂದರು. ಒಂದು ಟನ್ ಹತ್ತಿರ ತೂಗುವ ಕಾಟಿಗೆ, ಅಂದರೆ ಕಾಡುಕೋಣಕ್ಕೆ, .32 ಗುಂಡು ಸಿಟ್ಟು ತರಿಸುತ್ತದೆ, ಇನ್ನೇನೂ ಮಾಡುವುದಿಲ್ಲ. ಮೇಲಾಗಿ ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ, ಅಂದರೆ ಹೆಚ್ಚಿನ ರಕ್ಷಣೆ ಇರುವ ಪ್ರಾಣಿ. ಈ ಮಾತು ಅಲ್ಲಿಗೇ ಬಿಟ್ಟೆವು.

ದೊಡ್ಡ ವಿಷಯ ಹೇಳಿದ್ದು ಮನೆಯ ಅಮ್ಮ. ಕಾಫಿ ತಂದಿಟ್ಟು ನಿಂತವರು, "ಪ್ಯಾಂಟು ಮೊಳೆಗೆ ನೇತು ಹಾಕ್ತಾರೆ. ಒಗೆಯೋಕೆ ಹಾಕೋ ಮುಂಚೆ ಜೇಬು ನೋಡೋದು ನಾನು. ರಜೆಗೆ ಮೊಮ್ಮಕ್ಕಳು ಬಂದ್ರೆ ಚಾಕ್ಲೇಟಿಗೆ ಅಜ್ಜನ ಜೇಬಿಗೇ ಕೈ ಹಾಕೋದು" ಅಂದರು. ಯಜಮಾನರು ಸುಮ್ಮನಾದರು. ನಾನೂ ಸುಮ್ಮನಾದೆ. ಹೋಲ್‌ಸ್ಟರ್ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದೆವು, ಪ್ಯಾಂಟ್ ಕಳಚಿದ ಮೇಲೆ ಏನಾಗುತ್ತದೆ ಅಂತ ಯಾರೂ ಕೇಳಿರಲಿಲ್ಲ. ಹೋಲ್‌ಸ್ಟರ್ ಇದ್ದರೂ ಮಗುವಿನ ಕೈ ಅದರಿಂದ ರಿವಾಲ್ವರ್ ಎಳೆಯುತ್ತದೆ. ಎಳೆಯಲು ಸುಲಭವಾಗಲಿ ಅಂತಲೇ ಅಲ್ಲವೇ ಅದನ್ನು ಮಾಡಿದ್ದು.

ಅವತ್ತೇ ಮಲಗುವ ಕೋಣೆಯ ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಚಿಕ್ಕ ಉಕ್ಕಿನ ಪೆಟ್ಟಿಗೆ ತರಿಸಲು ತೀರ್ಮಾನವಾಯಿತು. ಗುಂಡಿಗೆ ಬೇರೆ ಬೀಗ. ಜೀಪಿನಿಂದ ಇಳಿದು ಮನೆ ಹೊಕ್ಕರೆ ಮೊದಲ ಕೆಲಸ ಪೆಟ್ಟಿಗೆ, ಕಾಫಿ ಆಮೇಲೆ. ಪಂಚೆ ಉಟ್ಟ ದಿನ ರಿವಾಲ್ವರ್ ಹೊರಗೆ ಬರುವುದಿಲ್ಲ.

ಒಯ್ಯಬಾರದ ಜಾಗದ ಪಟ್ಟಿಯನ್ನೂ ಅವರ ಪರವಾನಗಿ ಪುಸ್ತಕದಲ್ಲೇ ತೋರಿಸಿದೆ. ಜಾತ್ರೆ, ದೇವರ ಮೆರವಣಿಗೆ, ಜನ ಸೇರುವ ಸಭೆ, ಶಾಲೆ ಕಾಲೇಜಿನ ಆವರಣ, ವಿಶೇಷ ಅನುಮತಿ ಇಲ್ಲದೆ ಇವಕ್ಕೆ ಆಯುಧ ಒಯ್ಯುವಂತಿಲ್ಲ ಅಂತ ಷರತ್ತಿನಲ್ಲೇ ಇದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಅವರು ಪ್ರತಿ ವರ್ಷ ಹೋಗುತ್ತಾರೆ. ಒಯ್ದಿದ್ದಿರಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಉಳಿದದ್ದು ಮಂಡಿಯ ದಿನ. ಅದರಲ್ಲಿ ಅರ್ಧ ಕೆಲಸವನ್ನು ಮಗ ಮಾಡಿದ. ಆದಾಯ ತೆರಿಗೆ ಕಾಯ್ದೆಯಲ್ಲಿ 2017ರ ಏಪ್ರಿಲ್‌ನಿಂದ ಒಂದು ದಿನ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವಂತಿಲ್ಲ. ದೊಡ್ಡ ಬಟವಾಡೆ ಹೇಗೂ ಖಾತೆಗೇ ಬರಬೇಕು. ಉಳಿದ ಸಣ್ಣದನ್ನೂ ಖಾತೆಗೇ ಹಾಕಿಸಿದರೆ ಜೇಬಿನಲ್ಲಿ ಕಾಯಬೇಕಾದ್ದು ಏನು ಉಳಿಯುತ್ತದೆ ಅಂತ ಅವನು ಕೇಳಿದ. ಕೂಲಿ ಬಟವಾಡೆಗೆ ನಗದು ಬೇಕಲ್ಲ ಅಂತ ಯಜಮಾನರು. ಅದಕ್ಕೆ ತೀರ್ಥಹಳ್ಳಿಯಲ್ಲೇ ಹಗಲು ಹೊತ್ತು ತೆಗೆದರಾಯಿತು ಅಂತ ಮಗ. ಅಪ್ಪ ಮಗ ಇಬ್ಬರೂ ಇನ್ನೂ ಒಪ್ಪಿಗೆಗೆ ಬಂದಿಲ್ಲ. ನನಗೆ ಮಗನ ಮಾತೇ ಸರಿ ಅನ್ನಿಸುತ್ತದೆ. ಆದರೆ ಸಂಜೆ ಮಂಡಗದ್ದೆ ದಾಟಿ ಒಬ್ಬರೇ ಬರುವವರು ಅವರು, ನಾನಲ್ಲ.

ಸದ್ಯಕ್ಕೆ ಮಂಡಿಗೆ ಹೋಗುವ ದಿನ ಮಾತ್ರ, ದಪ್ಪ ಬಟ್ಟೆಯ ಪ್ಯಾಂಟಿನಲ್ಲಿ, ದಪ್ಪ ಚರ್ಮದ ಹೋಲ್‌ಸ್ಟರಿನಲ್ಲಿ ರಿವಾಲ್ವರ್ ಹೋಗಿ ಬರುತ್ತದೆ. ಪ್ಯಾಂಟಿನ ಜೇಬನ್ನು ಟೈಲರ್ ಹತ್ತಿರ ಬಿಚ್ಚಿಸಿ ಆಳ ಮಾಡಿಸಿ, ಗಟ್ಟಿ ಬಟ್ಟೆಯಲ್ಲಿ ಮತ್ತೆ ಹೊಲಿಸಿದ್ದಾರೆ. ಜೀಪಿನಲ್ಲಿ ಕೂತಾಗ ಜೇಬಿನಿಂದ ಅದನ್ನು ತೆಗೆಯುವುದು ಸಾಧ್ಯವಿಲ್ಲದ ಮಾತು ಅಂತ ಅವರಿಗೆ ಗೊತ್ತಾಗಿದೆ, ಸ್ಟಿಯರಿಂಗ್ ಅಡ್ಡ, ಹೊಟ್ಟೆ ಅಡ್ಡ. ದಾರಿಯ ಹೆದರಿಕೆಗೆ ಅಂತ ತೆಗೆದುಕೊಂಡ ಆಯುಧ ದಾರಿಯಲ್ಲಿ ಕೈಗೆ ಸಿಗುವುದಿಲ್ಲ ಅಂದರೆ ಏನರ್ಥ ಅಂತ ಒಂದು ದಿನ ಅವರೇ ಕೇಳಿದರು. ಬೆಲ್ಟಿನ ಹೋಲ್‌ಸ್ಟರಿನ ಮಾತು ಮತ್ತೆ ತೆಗೆದೆ. ಈ ಸಲ ಬೇಡ ಅನ್ನಲಿಲ್ಲ, ನೋಡೋಣ ಅಂದರು.

ನಡುವೆ ಮಗ ಇನ್ನೊಂದು ಯೋಚನೆ ತಂದಿದ್ದಾನೆ. ರಿವಾಲ್ವರ್ ಕೊಟ್ಟು .32 ಪಿಸ್ತೂಲು ತೆಗೆದುಕೊಳ್ಳೋಣ, ಚಪ್ಪಟೆ ಇರುತ್ತದೆ, ಜೇಬಿಗೆ ಸಲೀಸು ಅಂತ. ಚಪ್ಪಟೆ ಇರುವುದು ನಿಜ. ಆದರೆ ಗುಂಡು ಏರಿಸಿ ಹ್ಯಾಮರ್ ಎತ್ತಿಟ್ಟ ಪಿಸ್ತೂಲಿನ ಟ್ರಿಗರ್ ಇದಕ್ಕಿಂತ ತುಂಬ ಹಗುರ, ಟ್ರಿಗರ್ ತಡೆಯುವ ಪಕ್ಕದ ಸೇಫ್ಟಿ ಗುಬುಟು ಜೇಬಿನ ಉಜ್ಜಾಟಕ್ಕೆ ಕೆಳಗಿಳಿಯುವುದುಂಟು. ನಾವು ಒಣಗಿಸಿ ಮಾಡಿದ ಚರ್ಮದ ಚೀಲ ಅದಕ್ಕೆ ಆಗುವುದೇ ಇಲ್ಲ, ಅದರ ಅಚ್ಚು ಬೇರೆ. ಹೊಸದು ಮಾಡಿಸದೆ ಪಿಸ್ತೂಲು ಮನೆಗೆ ತರಬೇಡಿ ಅಂತ ಹೇಳಿ ಕಳಿಸಿದ್ದೇನೆ. ಚರ್ಮ ಹೊಲಿಯುವವರ ಹತ್ತಿರ ಈಗಲೇ ಮಾತಾಡಿಟ್ಟಿದ್ದಾರಂತೆ.